ಕುಲುಮೆಯ ಕಡೆಗಿನ ಕಣ್ಣು

ಕರಗಿದ ಗಾಜನ್ನು ಕುಲುಮೆಯಿಂದ ಯಾವಾಗ ತೆಗೆಯಬೇಕು ಎಂಬುದನ್ನು ನಾನು ಶಿಷ್ಯರಿಗೆ ಗಡಿಯಾರ ನೋಡಿ ಹೇಳಿಕೊಟ್ಟವನಲ್ಲ. ಬಣ್ಣ ನೋಡಿ ಹೇಳಿಕೊಟ್ಟೆ. ಕುಲುಮೆಯ ಬಾಯಿಯೊಳಗೆ ಮೊದಲು ಒಣಮೆಣಸಿನಕಾಯಿಯ ಕೆಂಪು ಕಾಣುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಕುಂಬಳದ ಹೂವು. ಕೊನೆಗೆ ಬರುವುದು ರೇಷ್ಮೆಗೂಡಿನ ಹಳದಿ. ನಮ್ಮ ಸೀಮೆಯ ಮಕ್ಕಳಿಗೆ ಗೂಡಿನ ಬಣ್ಣ ಯಾವುದೆಂದು ವಿವರಿಸಬೇಕಾಗಿಲ್ಲ. ಮನೆಯ ಬಿದಿರಿನ ಚಂದ್ರಿಕೆ ತಟ್ಟೆಗಳಲ್ಲಿ ರೇಷ್ಮೆಹುಳು ಗೂಡು ಕಟ್ಟುವುದನ್ನು ನೋಡಿಯೇ ಬೆಳೆದವರು. "ಗೂಡಿನ ಹಳದಿ ಬರೋಗಂಟ ಕಣ್ಣು ಕೀಳಬೇಡ" ಎನ್ನುತ್ತಿದ್ದೆ. ನನ್ನ ಪಾಠವೆಂದರೆ ಇಷ್ಟೇ. ಉಳಿದದ್ದೆಲ್ಲ ಕೈ ತಾನೇ ಕಲಿಯುತ್ತಿತ್ತು.

ಈ ಪಾಠದಿಂದ ಒಬ್ಬಳ ಕಣ್ಣು ಮಂಜಾಯಿತು. ಆಮೇಲೆ ನಾನಾಡಿದ ಒಂದು ಮಾತಿನಿಂದ ಅವಳಿಗೆ ಸಿಗಬೇಕಿದ್ದ ಕೆಲಸ ಹೋಯಿತು. ಅದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ಬರೆಯುವುದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನನ್ನದು ಸೋಲೂರಿನ ಕಡೆಯ ಹಳ್ಳಿ. ಮಾಗಡಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಒಂದು ಬಾಟಲಿ ಕಾರ್ಖಾನೆಗೆ ಸೇರಿಕೊಂಡೆ. ಅಲ್ಲಿ ಉತ್ತರದ ಕಡೆಯಿಂದ ಬಂದ ಒಬ್ಬ ಮುದುಕ ಉಸ್ತಾದ್ ಇದ್ದ. ಊದುಕೊಳವೆ ಹಿಡಿದರೆ ಅವನ ಕೆನ್ನೆ ಎರಡು ಕಡೆ ತೆಂಗಿನಕಾಯಿಯ ಹಾಗೆ ಉಬ್ಬುತ್ತಿತ್ತು. ಕಾರ್ಖಾನೆಯ ಗಾಜು ಉಳಿದಾಗ ನನಗೆ ಹಕ್ಕಿ, ಮೀನು, ಹೂಜಿ ಊದುವುದನ್ನು ಹೇಳಿಕೊಟ್ಟ. ಕುಲುಮೆಯನ್ನು ಬರಿಗಣ್ಣಿನಲ್ಲಿ ನೋಡುವುದನ್ನು ಹೇಳಿಕೊಟ್ಟವನೂ ಅವನೇ. ನಿವೃತ್ತನಾಗಿ ಊರಿಗೆ ಹೊರಟಾಗ ಅವನನ್ನು ರೈಲಿಗೆ ಹತ್ತಿಸಲು ಹೋಗಿದ್ದೆ. ಬೋಗಿಯ ಬಾಗಿಲು ಎಲ್ಲಿದೆ ಎಂದು ಅವನು ಕೈಯಿಂದ ತಡವಿ ಹುಡುಕಿದ. ಕಣ್ಣಿನ ತುಂಬ ಮಜ್ಜಿಗೆಯಂಥ ಬಿಳುಪು. ವಯಸ್ಸಾಯಿತು, ಪಾಪ, ಎಂದುಕೊಂಡೆ. ಹಾಗೆಂದುಕೊಂಡರೆ ನನಗೆ ಅನುಕೂಲವಿತ್ತು.

ನನ್ನ ಹಕ್ಕಿಗಳನ್ನು ನೋಡಿದ ಒಬ್ಬ ಹಿರಿಯ ಹೆಂಗಸು, ಕರಕುಶಲದ ಒಂದು ಟ್ರಸ್ಟ್ ನಡೆಸುತ್ತಿದ್ದವರು, ಚನ್ನಪಟ್ಟಣದಲ್ಲಿ ಶೆಡ್ ಹಾಕಿಸಿ ಸಣ್ಣದೊಂದು ಕುಲುಮೆ ಕಟ್ಟಿಸಿಕೊಟ್ಟರು. ನಾನು ನನ್ನ ಕೆಲಸವನ್ನೂ ಮಾಡಬೇಕು, ಸುತ್ತಲಿನ ಮಕ್ಕಳಿಗೆ ಕಲಿಸಲೂಬೇಕು ಎಂಬ ಒಪ್ಪಂದ. ಸುತ್ತಮುತ್ತ ಎಲ್ಲ ಅರಗಿನ ಗೊಂಬೆ ಮಾಡುವವರ ಮನೆಗಳು. ಪಕ್ಕದ ಶೆಡ್ಡಿನಲ್ಲಿ ಮರ ಕಡೆಯುತ್ತಿದ್ದ ಸಾಬರೊಬ್ಬರು ಬೆಳಿಗ್ಗೆ ಬೀಡಿ ಹಚ್ಚಿಕೊಳ್ಳಲು ನನ್ನ ಕುಲುಮೆಗೇ ಬರುತ್ತಿದ್ದರು.

"ಏನ್ ಮೇಷ್ಟ್ರೇ, ನಮ್ ಗೊಂಬೆ ಮೂರು ತಲೆಮಾರು ಮಕ್ಳು ಕಚ್ತಾರೆ. ನಿಮ್ದು ಒಂದು ಸೀನಿಗೂ ತಡೆಯಲ್ಲ."

"ಅದಕ್ಕೇ ಸಾಹೇಬ್ರೆ, ನಿಮ್ಮದನ್ನ ನೆಲಕ್ಕೆ ಎಸೀತಾರೆ, ನನ್ನದನ್ನ ಅಲ್ಮೇರಾದಲ್ಲಿ ಇಡ್ತಾರೆ."

"ಅಲ್ಮೇರಾದಾಗೆ ಬೀಗ ಹಾಕ್ಕಂಡಿರೋದು ಬದುಕೇನ್ರೀ?" ಎಂದು ನಕ್ಕು ಹೋಗುತ್ತಿದ್ದರು.

ಹೆಸರು ಬಂತು. ದೆಹಲಿ, ಮುಂಬೈಗಳಲ್ಲಿ ಪ್ರದರ್ಶನ ಆಯಿತು. ಪತ್ರಿಕೆಗಳಲ್ಲಿ ನಾನು ಕುಲುಮೆಯ ಮುಂದೆ ನಿಂತ ಚಿತ್ರ ಬಂತು. ಮುಖದ ಅರ್ಧಕ್ಕೆ ಬೆಂಕಿಯ ಬೆಳಕು, ಕಣ್ಣು ನೆಟ್ಟ ನೋಟ. ಆ ಚಿತ್ರವನ್ನು ನಾನು ಬಹಳ ಇಷ್ಟಪಟ್ಟೆ. ಆಮೇಲೆ ಬಂದ ಎಲ್ಲ ಫೋಟೋದವರಿಗೂ ಹಾಗೆಯೇ ನಿಂತುಕೊಟ್ಟೆ. ಕನಕಪುರದಿಂದ, ವಿರೂಪಾಕ್ಷಿಪುರದ ಕಡೆಯಿಂದ, ರಾಮನಗರದ ರೇಷ್ಮೆ ಬಿಚ್ಚುವವರ ಮನೆಗಳಿಂದ ಕಲಿಯಲು ಬಂದರು.

ಒಮ್ಮೆ ಹೊರದೇಶದ ಗಾಜಿನ ಕಲಾವಿದರೊಬ್ಬರು ನಮ್ಮ ಶೆಡ್ ನೋಡಲು ಬಂದಿದ್ದರು. ನಾವೆಲ್ಲ ಬರಿಗಣ್ಣಿನಲ್ಲಿ ಕುಲುಮೆಯೊಳಗೆ ಇಣುಕುವುದನ್ನು ಕಂಡು ಗಾಬರಿಯಾದರು. ಹೋಗುವಾಗ ಹಸಿರು ಗಾಜಿನ ಕನ್ನಡಕಗಳ ಒಂದು ಕಟ್ಟು ಕೊಟ್ಟು, ಇದಿಲ್ಲದೆ ಯಾರನ್ನೂ ಬೆಂಕಿಯ ಮುಂದೆ ನಿಲ್ಲಿಸಬೇಡಿ ಎಂದು ಜೊತೆಯಲ್ಲಿದ್ದವರ ಬಾಯಿಂದ ಹೇಳಿಸಿದರು. ಹಾಕಿ ನೋಡಿದೆ. ಕುಲುಮೆಯೊಳಗಿನ ಹಳದಿಯೆಲ್ಲ ಪಾಚಿಯ ಬಣ್ಣಕ್ಕೆ ತಿರುಗಿತು. ನನ್ನ ಗೂಡಿನ ಹಳದಿ ಎಲ್ಲಿಯೂ ಕಾಣಲಿಲ್ಲ. ಅವರು ಹೋದ ಮೇಲೆ ಶಿಷ್ಯರ ಎದುರಿಗೆ ಕನ್ನಡಕ ತೆಗೆದು, "ಇದು ಹಾಕ್ಕೊಂಡು ಬೆಂಕಿ ನೋಡೋದೂ ಒಂದೇ, ಕೈಗೆ ಬಟ್ಟೆ ಸುತ್ಕೊಂಡು ಮುದ್ದೆ ಉಣ್ಣೋದೂ ಒಂದೇ" ಎಂದೆ. ಎಲ್ಲರೂ ನಕ್ಕರು. ಕಟ್ಟು ಬೀರುವಿಗೆ ಹೋಯಿತು.

ಇದಕ್ಕಿಂತ ಕೆಟ್ಟದ್ದು ಇದೆ. ಕೆಲವು ವರ್ಷಗಳ ಮೇಲೆ ನನ್ನ ಕಣ್ಣು ಸಂಜೆಯ ಹೊತ್ತಿಗೆ ಮರಳು ಬಿದ್ದಂತೆ ಉರಿಯತೊಡಗಿತು. ಆಗ ನಾನು ಬೆಳಿಗ್ಗೆ ಶಿಷ್ಯರು ಬರುವುದಕ್ಕೆ ಮುಂಚೆ ಬಂದು, ಆ ಹಸಿರು ಕನ್ನಡಕ ಹಾಕಿಕೊಂಡು ನನ್ನ ದೊಡ್ಡ ಕೆಲಸಗಳನ್ನು ಮುಗಿಸಿಕೊಳ್ಳುತ್ತಿದ್ದೆ. ಅಷ್ಟು ವರ್ಷದ ಅಭ್ಯಾಸದಿಂದ ಕೈಗೇ ಹದ ಗೊತ್ತಿತ್ತು, ಬಣ್ಣ ಬೇಕಿರಲಿಲ್ಲ. ಅವರ ಚಪ್ಪಲಿ ಸದ್ದು ಕೇಳಿದರೆ ಕನ್ನಡಕ ಬೀರುವಿಗೆ. ಅವರು ಬಂದ ಮೇಲೆ ಮತ್ತೆ ಅದೇ ಪಾಠ: ಕಣ್ಣು ಕೀಳಬೇಡ.

ನಾನು ಹೇಳುತ್ತಿರುವ ಹುಡುಗಿ ಬಿಡದಿಯ ಹತ್ತಿರದ ಹಳ್ಳಿಯವಳು. ಒಕ್ಕಲು ಮನೆತನ. ಎಸ್ಸೆಸ್ಸೆಲ್ಸಿ ಪಾಸಾಗಿ ಪ್ಯಾಸೆಂಜರ್ ರೈಲಿನಲ್ಲಿ ದಿನಾ ಚನ್ನಪಟ್ಟಣಕ್ಕೆ ಬರುತ್ತಿದ್ದಳು. ಗಂಡುಮಕ್ಕಳಿಲ್ಲದ ಮನೆಗೆ ದೊಡ್ಡ ಮಗಳು. ತಂಗಿಗೆ ಮದುವೆಯಾಗಿ, ತಂಗಿಯ ಗಂಡ ಮನೆಯಳಿಯನಾಗಿ ಬಂದು ಸೇರಿಕೊಂಡಿದ್ದ. ಇವಳು ಮದುವೆ ಬೇಡವೆಂದು ನನ್ನಲ್ಲೇ ಉಳಿದಳು. ಮೊದಲು ಶಿಷ್ಯೆ, ಆಮೇಲೆ ನನ್ನ ಬಲಗೈ. ನನ್ನ ಹೆಸರಿನಲ್ಲಿ ಹೊರಗೆ ಹೋದ ಎಷ್ಟೋ ಹೂಜಿಗಳ ಕುತ್ತಿಗೆ ಎಳೆದವಳು ಅವಳೇ. ಅಷ್ಟು ತೆಳುವಾಗಿ ನನಗೆ ಎಳೆಯಲು ಬರುತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷ ಕುಲುಮೆಯ ಬಲಗಡೆ, ಎಡಗಣ್ಣು ಬೆಂಕಿಗೆ ಕೊಟ್ಟು ನಿಂತಳು.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ರೈಲಿನಿಂದ ಇಳಿದವಳು ದಿನಕ್ಕೊಂದು ಸುದ್ದಿ ತರುತ್ತಿದ್ದಳು: ಇವತ್ತು ಅವರ ಹೊಲಕ್ಕೆ ಕಲ್ಲು ನೆಟ್ಟರು, ಇವತ್ತು ಇವರ ಬಾವಿ ಮುಚ್ಚಿದರು. ನನ್ನ ಶಿಷ್ಯರೂ ಒಬ್ಬೊಬ್ಬರಾಗಿ ಅತ್ತ ಹೋದರು. ಸಮವಸ್ತ್ರ, ಕಂಪನಿ ಬಸ್ಸು, ಕ್ಯಾಂಟೀನಿನಲ್ಲಿ ಊಟ. ನಾನು ಯಾರನ್ನು ಏನೆಂದು ತಡೆಯಲಿ? ಕೊನೆಗೆ ಇವಳ ಮನೆಯ ಹೊಲವೂ ಹೋಯಿತು. ಹೊಲ ಬಿಟ್ಟುಕೊಟ್ಟ ಮನೆಗೆ ಒಂದು ಕೆಲಸ ಎಂದು ಆ ಕಂಪನಿ ಒಪ್ಪಿಕೊಂಡಿತ್ತು. ಅಪ್ಪ ಅಳಿಯನ ಹೆಸರು ಕೊಡಲಿಲ್ಲ, ದೊಡ್ಡ ಮಗಳ ಹೆಸರು ಕೊಟ್ಟ. "ಅವ್ನು ಇವತ್ತು ಇಲ್ಲಿ ಅವ್ನೆ, ನಾಳೆ ಎಲ್ಲೋ. ನೀನು ನನ್ ಮಗ್ಳು, ಹೊಲ ನಿನ್ಗೇ ಬರಬೇಕಿತ್ತು" ಎಂದನಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

"ಹೋಗ್ತೀಯೇನಮ್ಮ ನನ್ನ ಬಿಟ್ಟು?" ಎಂದೆ.

"ಭಾನುವಾರ ಬತ್ತೀನಿ ಮೇಷ್ಟ್ರೇ. ನಂಗೆ ನಂದು ಅಂತ ಒಂದು ಬೇಕಲ್ವಾ? ಇಲ್ಲಾಂದ್ರೆ ತಂಗಿ ಮನೇಲಿ ಕಸ ಗುಡಿಸ್ಕಂಡೇ ಮುದುಕಿ ಆಗೋಯ್ತೀನಿ."

ಅವಳಿಗೆ ಆ ಕೆಲಸ ಎಂದರೆ ಏನಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಅದೇ ವರ್ಷ ಅವಳು ಊದಿದ ನೀಲಿ ಹೂಜಿಗಳು ಕಡುವಾಗುತ್ತಾ ಬಂದಿದ್ದವು. ಗಾಜಿಗೆ ನೀಲಿ ಪುಡಿಯನ್ನು ಚಿಟಿಕೆಯಲ್ಲಿ ಹಾಕಬೇಕು. ಅವಳು ಹಿಡಿಹಿಡಿ ಹಾಕುತ್ತಿದ್ದಳು. "ಏನಮ್ಮ ಇದು, ಇಂಕು ಕುಡಿಸಿದ್ದೀಯಾ ಗಾಜಿಗೆ?" ಎಂದು ಬೈದೆ. "ನಂಗೆ ಸಪ್ಪೆಯಾಗೇ ಕಾಣ್ತದೆ ಮೇಷ್ಟ್ರೇ" ಎಂದಳು. ಅಂದು ಅವಳ ಎಡಗಣ್ಣನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಕಪ್ಪಿನ ನಡುವೆ ಮಜ್ಜಿಗೆಯ ಬಿಳುಪು. ಉಸ್ತಾದ್ ರೈಲಿನ ಬಾಗಿಲು ತಡವಿದ್ದು ನೆನಪಾಯಿತು. "ಧೂಳು ಬಿದ್ದಿರಬೇಕು, ತಣ್ಣೀರಿನಲ್ಲಿ ತೊಳಕೋ" ಎಂದುಬಿಟ್ಟೆ.

ಕಂಪನಿಯ ವೈದ್ಯಕೀಯ ಪರೀಕ್ಷೆಯಲ್ಲಿ ಅವಳು ಗೋಡೆಯ ಮೇಲಿನ ಅಕ್ಷರಗಳನ್ನು ಎಡಗಣ್ಣಿನಿಂದ ಓದಲಾರದೆ ಹೋದಳು. ಮರುದಿನ ಶೆಡ್ಡಿಗೆ ಬಂದವಳು ಕೆಲಸಕ್ಕೆ ಕೈ ಹಾಕದೆ ನಿಂತೇ ಇದ್ದಳು.

"ಪೊರೆ ಬಂದೈತಂತೆ. ಈ ವಯಸ್ಸಿಗೆ ಬರಕೂಡದು ಅಂದ್ರು ಡಾಕ್ಟ್ರು. ಬೆಂಕಿ ಮುಂದೆ ಕೆಲಸ ಮಾಡಿದ್ದೀಯಾ ಅಂತ ಕೇಳಿದ್ರು. ಹೂಂ ಅಂದೆ. ಅಂಗಾದ್ರೆ ಅದ್ರಿಂದಾನೆ ಬಂದಿರೋದು, ಆಪರೇಷನ್ ಮಾಡುಸ್ಕಂಡ್ರೆ ಕಣ್ಣು ಸರಿಹೋಯ್ತದೆ, ಮುಂದಿನ ತಂಡದಾಗೆ ತಗೋಬೋದು ಅಂದ್ರು. ಆದ್ರೆ ಕೆಲಸ ಕೊಟ್ಟೋರು ಯಾರಾದ್ರೂ ಬಂದು ಹೌದು ಅಂತ ಹೇಳಬೇಕಂತೆ. ಹುಟ್ಟಿನಿಂದ ಬಂದ ದೋಸ ಆಗಿದ್ರೆ ತಗಳಲ್ಲ."

"ನಾನು ಬಂದು ಹೇಳಬೇಕಾ?"

"ಒಂದು ಮಾತು ಮೇಷ್ಟ್ರೇ. ಸೋಮವಾರ."

ಆ ಸೋಮವಾರದ ವೇಳೆಗೆ ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳುತ್ತೇನೆ. ಟ್ರಸ್ಟಿನ ಹೆಂಗಸು ಶೆಡ್ಡಿನ ಜಾಗದಲ್ಲಿ ಪಕ್ಕಾ ಕಟ್ಟಡದ ಗಾಜಿನ ಶಾಲೆ ಕಟ್ಟಿಸಲು ಹೊರಟಿದ್ದರು. ಮಕ್ಕಳು ಸೇರುತ್ತಾರೆಯೇ ಎಂಬ ಅನುಮಾನ ಅವರಿಗೆ ಆಗಲೇ ಇತ್ತು. ಈ ಕುಲುಮೆ ಕಣ್ಣು ತಿನ್ನುತ್ತದೆ ಎಂಬ ಮಾತು ಒಬ್ಬ ಡಾಕ್ಟರ ಬಾಯಿಂದ ಹೊರಬಿದ್ದರೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಬೀರುವಿನಲ್ಲಿದ್ದ ಕನ್ನಡಕದ ಕಟ್ಟನ್ನು ಯಾರಾದರೂ ಕೇಳಿದರೆ? ಕಲೆಯನ್ನು ಉಳಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಉಳಿಸಬೇಕಾಗಿದ್ದುದು ಆ ಫೋಟೋದಲ್ಲಿ ನಿಂತ ಮನುಷ್ಯನನ್ನು.

ಬಿಡದಿಗೆ ಬಸ್ಸಿನಲ್ಲಿ ಜೊತೆಯಾಗಿಯೇ ಹೋದೆವು. ಅವಳು ದಾರಿಗೆಂದು ನನಗೆ ಚಕ್ಕುಲಿ ಕಟ್ಟಿಕೊಂಡು ಬಂದಿದ್ದಳು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಎದ್ದು ನಿಂತು ನಮಸ್ಕಾರ ಮಾಡಿದರು.

"ನಿಮ್ಮ ಫೋಟೋ ಪೇಪರ್‌ನಲ್ಲಿ ನೋಡಿದ್ದೀನಿ ಸರ್. ಇವರು ನಿಮ್ಮ ಕುಲುಮೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಕಣ್ಣಿಗೆ ರಕ್ಷಣೆ ಏನಾದರೂ ಇತ್ತಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ನನ್ನ ಕುಲುಮೆ ಯಾರ ಕಣ್ಣನ್ನೂ ಕೆಡಿಸಿಲ್ಲ," ಎಂದೆ. "ನನ್ನನ್ನೇ ನೋಡಿ, ಅವಳಿಗಿಂತ ಮೂರರಷ್ಟು ಕಾಲ ಬೆಂಕಿ ನೋಡಿದ್ದೀನಿ. ಇವಳು ನನ್ನ ಹತ್ತಿರ ಬಂದಾಗಲೇ ದೃಷ್ಟಿ ಒಸಿ ಮಂದ ಇತ್ತು. ಪಾಪ ಅಂತ ಇಟ್ಟುಕೊಂಡೆ."

ನನ್ನ ಬಾಯಿಂದ ಆ 'ಪಾಪ' ಎಂಬ ಮಾತು ಎಷ್ಟು ಸಲೀಸಾಗಿ ಬಂತು! ಡಾಕ್ಟರು ಅವಳ ಕಡೆ ತಿರುಗಿ, "ಮೊದಲೇ ಇತ್ತು ಅಂತ ಯಾಕಮ್ಮ ಮುಚ್ಚಿಟ್ಟೆ?" ಎಂದರು. ಅವಳು ಇಲ್ಲ ಎನ್ನಲಿಲ್ಲ. ಗುರುವಿನ ಎದುರು ಗುರುವನ್ನು ಸುಳ್ಳುಗಾರ ಎನ್ನಬಾರದು ಎಂದುಕೊಂಡಳೋ ಏನೋ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಹೊರಗೆ ಬಂದ ಮೇಲೆ ಮಾತ್ರ ಒಂದು ಮಾತು ಆಡಿದಳು.

"ಬೆಳಿಗ್ಗೆ ಹೊತ್ತು ನೀವು ಹಸಿರು ಕನ್ನಡಕ ಹಾಕ್ಕೊಳ್ಳೋದನ್ನ ನಾನು ನೋಡಿದ್ದೆ ಮೇಷ್ಟ್ರೇ. ಕಿಟಕೀಲಿ. ನಿಮ್ಗೆ ವಯಸ್ಸಾಯ್ತು, ನಾಚ್ಕೆ ಪಟ್ಕೊಂಡು ಮುಚ್ಚಿಡ್ತಾರೆ ಅಂದ್ಕಂಡು ಸುಮ್ಕಿದ್ದೆ."

ಅವಳು ಹಳ್ಳಿಯ ಆಟೋ ಹತ್ತಿದಳು. ಮತ್ತೆ ಶೆಡ್ಡಿಗೆ ಬರಲಿಲ್ಲ. ಕೆಲಸ ತಂಗಿಯ ಗಂಡನ ಹೆಸರಿಗೆ ಹೋಯಿತೆಂದು ರೈಲಿನಲ್ಲಿ ಬರುತ್ತಿದ್ದ ಇನ್ನೊಬ್ಬ ಶಿಷ್ಯ ಹೇಳಿದ.

ಗಾಜಿನ ಶಾಲೆ ಏಳಲಿಲ್ಲ. ಮಕ್ಕಳಿಲ್ಲದೆ ಶಾಲೆ ಯಾರಿಗೆ? ಬಿಡದಿಯ ಬಸ್ಸುಗಳು ಚನ್ನಪಟ್ಟಣದವರೆಗೂ ಬಂದು ಹುಡುಗರನ್ನು ತುಂಬಿಕೊಂಡು ಹೋಗುತ್ತಿದ್ದವು. ಟ್ರಸ್ಟಿನ ಹೆಂಗಸಿಗೂ ಆರೋಗ್ಯ ಕೆಟ್ಟಿತು. ಕುಲುಮೆ ಆರಿಸಿದ ದಿನ ಒಳಗೆ ಗಾಜು ಕರಗಿಸುವ ಮಡಕೆ ತಣ್ಣಗಾಗುತ್ತಾ ಟಿಕ್ ಟಿಕ್ ಎಂದು ಬಿರಿಯುವುದನ್ನು ಕೇಳುತ್ತಾ ಕೂತಿದ್ದೆ. ಪಕ್ಕದ ಸಾಬರು ಬಂದು, ಬೀಡಿ ಹಚ್ಚಿಕೊಳ್ಳಲು ಬೆಂಕಿ ಕಾಣದೆ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತು ಎದ್ದುಹೋದರು. ಅವಳ ಮಾತನ್ನು ಸುಳ್ಳು ಮಾಡಿ ಯಾವುದನ್ನು ಉಳಿಸಲು ಹೋಗಿದ್ದೆನೋ ಅದು ಹೀಗೆ ಹೋಯಿತು. ಸುಳ್ಳು ಮಾತ್ರ ಉಳಿಯಿತು.

ಆಮೇಲೆ ನನ್ನ ಕಣ್ಣುಗಳಿಗೂ ಪೊರೆ ಬಂತು. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ, ನಾನು ಉಳಿದುಕೊಂಡಿದ್ದ ನನ್ನ ಮಗಳ ಮನೆಯ ಕಪಾಟಿನಲ್ಲಿದ್ದ ನೀಲಿ ಹೂಜಿಯ ಮೇಲೆ ದೃಷ್ಟಿ ಬಿತ್ತು. ನನ್ನ ಕೊನೆಯ ವರ್ಷಗಳ ಕೆಲಸ ಅದು, ತಿಳಿನೀಲಿ ಎಂದು ಹೆಮ್ಮೆಪಟ್ಟಿದ್ದೆ. ಕಂಡದ್ದು ಕಡುನೀಲಿ, ಇಂಕಿನ ಹಾಗೆ. ನಾನೂ ಅವಳ ಹಾಗೆಯೇ ಹಿಡಿಹಿಡಿ ಹಾಕಿದ್ದೆ, ಮತ್ತು ಬೈಯಲು ಯಾರೂ ಇರಲಿಲ್ಲ.

ಅದೇ ವಾರ ಬಿಡದಿಗೆ ಹೋದೆ. ಕ್ಷಮೆ ಕೇಳುವುದಷ್ಟೇ ನನ್ನ ಮನಸ್ಸಿನಲ್ಲಿ ಇತ್ತು.

ಹಳ್ಳಿ ಗುರುತು ಸಿಗಲಿಲ್ಲ. ಅವರ ಮನೆ ಎರಡು ಅಂತಸ್ತಿನದಾಗಿತ್ತು. ಮೇಲೆ ಹಿಂದಿ ಮಾತಾಡುವ ಕಾರ್ಖಾನೆ ಹುಡುಗರು ಬಾಡಿಗೆಗೆ. ಅವಳು ಹಿತ್ತಲಿನಲ್ಲಿ ಕೂತು ಆ ಹುಡುಗರಿಗೆಂದು ರೊಟ್ಟಿ ಒತ್ತಿ ಬೇಯಿಸುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಣ್ಣು ಸರಿಯಾಗಿತ್ತು, ಯಾವುದೋ ಉಚಿತ ಶಿಬಿರದಲ್ಲಿ ಮಾಡಿಸಿಕೊಂಡಿದ್ದಳು. ಡಾಕ್ಟರು ಹೇಳಿದಂತೆಯೇ ಆಗಿತ್ತು, ಎಲ್ಲ ಸರಿಹೋಗಿತ್ತು. ಒಂದು ಮಾತಷ್ಟೇ ಬೇಕಾಗಿತ್ತು.

ನಾನು ತಪ್ಪಾಯಿತು ಎಂದೆ. ಅವಳು ರೊಟ್ಟಿ ತಿರುವಿಹಾಕಿದಳು.

"ನಂಗ್ಯಾಕೆ ಹೇಳ್ತೀರಿ? ನಂಗೆ ಗೊತ್ತಿಲ್ವಾ? ಒಳಗೆ ಬನ್ನಿ, ಅವ್ರಿಗೆ ಹೇಳಿ. ನಾನು ಕುರುಡು ಮುಚ್ಚಿಟ್ಟು ಹೆಸರು ಕೊಡ್ಸಿ ಮನೆ ಮಾನ ಕಳೆದೆ ಅಂತ ಇವತ್ತಿಗೂ ಅಂತಾರಲ್ಲ, ಅವ್ರಿಗೆ ಹೇಳಿ."

ಒಳಗೆ ಹೋದೆ. ತಂಗಿಯ ಗಂಡ ಸಮವಸ್ತ್ರ ಹಾಕಿಕೊಂಡು ಶಿಫ್ಟಿಗೆ ಹೊರಡುತ್ತಿದ್ದ. ಅಪ್ಪ ಮೂಲೆಯ ಮಂಚದ ಮೇಲೆ. ನಿಂತುಕೊಂಡೇ ಹೇಳಿದೆ. ಅವಳ ಕಣ್ಣು ಕೆಟ್ಟದ್ದು ನನ್ನ ಕುಲುಮೆಯಿಂದ, ಹುಟ್ಟಿನಿಂದ ಅಲ್ಲ, ಡಾಕ್ಟರಿಗೆ ನಾನು ಸುಳ್ಳು ಹೇಳಿದೆ.

ಅಳಿಯ ಬೂಟಿನ ದಾರ ಕಟ್ಟುತ್ತಾ ನಕ್ಕ. "ಅಯ್ಯೋ ಬುಡಿ ಸಾ. ಇದ್ಕೆ ಇಷ್ಟು ದೂರ ಬಂದ್ರಾ? ನೀವು ಹಂಗೆ ಹೇಳಿದ್ದಕ್ಕೇ ಅಲ್ವಾ ನಂಗೆ ಈ ಬೂಟು. ನಾನು ನಿಮ್ಗೆ ಹಾರ ಹಾಕಬೇಕು."

ಅಪ್ಪನಿಗೆ ಕಿವಿ ಮಂದ. "ಏನಂದ್ರು? ಏನಂದ್ರಮ್ಮ ಅವ್ರು?" ಎಂದು ಕೇಳಿದ. ನಾನೇ ಹತ್ತಿರ ಹೋಗಿ ಅವನ ಕಿವಿಗೆ ಮತ್ತೊಮ್ಮೆ, ಜೋರಾಗಿ, ಎಲ್ಲವನ್ನೂ ಹೇಳಬೇಕಾಯಿತು. ಅವನು ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದ.

"ಹಂಗಾರೆ ನಾನು ಇಷ್ಟು ವರ್ಷ ಇವಳ್ನ..." ಎಂದವನು ಟವಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ಮುದುಕರು ಅಳುವುದು ನೋಡುವಂಥದ್ದಲ್ಲ.

ಅವಳು ನನ್ನನ್ನು ಬೀದಿಯವರೆಗೆ ಕಳಿಸಲು ಬಂದಳು. ಸಮಾಧಾನ ಆಗಿರಬಹುದೆಂದು ಮುಖ ನೋಡಿದೆ. ಸಿಟ್ಟು ತುಂಬಿತ್ತು.

"ನಿಮ್ಗೆ ಹಗುರಾಯ್ತು, ಅಲ್ವಾ? ನನ್ನ ಬಯ್ಕಂಡು ಹೆಂಗೋ ನೆಮ್ಮದಿಯಾಗಿದ್ರು ನಮ್ಮಪ್ಪ. ಈಗ ಸಾಯೋಗಂಟ ಇದನ್ನ ಹೊರಬೇಕು. ನಾನೇ ಹೇಳಿಸ್ದೆ, ನಂದೂ ತಪ್ಪೇ. ಇನ್ನ ಬರಬೇಡಿ ಮೇಷ್ಟ್ರೇ."

ಮುಂದಿನದನ್ನು ನಾನು ನೋಡಿದವನಲ್ಲ, ರೈಲಿನಲ್ಲಿ ಬರುತ್ತಿದ್ದ ಆ ಹಳೆಯ ಶಿಷ್ಯನಿಂದ ಕೇಳಿದ್ದು. ಅಪ್ಪ ಮಾರನೆಯ ದಿನದಿಂದಲೇ ಅಳಿಯನ ಮೇಲೆ ಬಿದ್ದನಂತೆ. ಆ ಕೆಲಸ ನನ್ನ ಮಗಳದ್ದು, ಬಿಟ್ಟುಕೊಡು ಎಂದು. ಕಂಪನಿಯ ಗೇಟಿನವರೆಗೂ ಹೋಗಿ ಕಾವಲಿನವನ ಹತ್ತಿರ ಕೂಗಾಡಿದನಂತೆ. ಬಿಟ್ಟುಕೊಡುವ ಕೆಲಸವೇ ಅದು? ಮನೆಯಲ್ಲಿ ದಿನಾ ಜಗಳ. ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಅವಳನ್ನು ಅಡುಗೆಮನೆಗೂ ಸೇರಿಸದಂತಾದ ಮೇಲೆ, ಬಿಡದಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಾಳಂತೆ. ಅಪ್ಪ ತಿಂಗಳೊಳಗೆ ತೀರಿಕೊಂಡ. ಮಣ್ಣಿಗೆ ಅವಳು ಬಂದಾಗ ತಂಗಿ ಬಾಗಿಲು ತೆರೆಯಲಿಲ್ಲ, ಅಂಗಳದಲ್ಲೇ ನಿಂತು ಹೋದಳಂತೆ.

ಮೊದಲ ಸಲ ಅವಳ ಕೆಲಸ ಕಳೆದಾಗ ನಾನು ಸುಳ್ಳು ಹೇಳಿದ್ದೆ. ಎರಡನೆಯ ಸಲ ಅವಳ ಮನೆ ಕಳೆದಾಗ ನಾನು ಹೇಳಿದ್ದು ನಿಜ.